ರೋಡ್ ಸೈಕಲ್ ಕೊಳ್ಳುವಾಗ ತೂಕವನ್ನು ಎಷ್ಟು ನೋಡಬೇಕು?

ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಯೊಂದರಲ್ಲಿ ಶನಿವಾರ ಸಂಜೆ ಅರ್ಧ ಗಂಟೆ ನಿಂತರೆ ಸಾಕು, ಒಂದು ದೃಶ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಳಗೆ ಬಂದ ಗಿರಾಕಿ ಸಾಲಾಗಿ ನಿಲ್ಲಿಸಿದ ರೋಡ್ ಸೈಕಲ್‌ಗಳಲ್ಲಿ ಒಂದರ ಬಾರ್‌ನ ಕೆಳಗೆ ಎರಡು ಬೆರಳು ಕೊಟ್ಟು ಮೇಲಕ್ಕೆತ್ತುತ್ತಾನೆ, ಕೆಳಗಿಡುತ್ತಾನೆ, ಪಕ್ಕದ್ದನ್ನು ಎತ್ತುತ್ತಾನೆ, ಹುಬ್ಬೇರಿಸುತ್ತಾನೆ. ಎರಡರ ನಡುವೆ ಒಂದೂವರೆ ಅಥವಾ ಎರಡು ಕೆಜಿಯ ಅಂತರವಿರುತ್ತದೆ. ಬೆಲೆ ಮಾತ್ರ ದುಪ್ಪಟ್ಟೋ ಮೂರುಪಟ್ಟೋ ಆಗಿರುತ್ತದೆ. ಬೆರಳಿಗೆ ಇಷ್ಟು ಚೆನ್ನಾಗಿ ತಿಳಿಯುವ ಹಗುರತನವು ರಸ್ತೆಗಿಳಿದ ಮೇಲೆ ಕಾಲಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಅಂಗಡಿಯೊಳಗೆ ನಿಂತು ಹೇಳಲಾಗುವುದಿಲ್ಲ.

ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ನಂದಿ ಬೆಟ್ಟದ ದಾರಿ ಹಿಡಿಯುವವರ ಗುಂಪಿಗೆ ಸೇರಿ, ಮೊದಲ ಬಾರಿಗೆ ಒಳ್ಳೆಯ ಸೈಕಲ್ ಕೊಳ್ಳಲು ಹೊರಟವರಿಗೆ ಗೆಳೆಯರಿಂದ ಸಿಗುವ ಮೊದಲ ಸಲಹೆಯೇ ‘ತೂಕ ನೋಡಿ ತಗೊಳ್ಳಿ’ ಎಂಬುದು. ಆ ಸಲಹೆಯಲ್ಲಿ ಹುರುಳಿದೆ; ಆದರೆ ಅದು ಯಾವ ರಸ್ತೆಯಲ್ಲಿ, ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಲೆಕ್ಕ ಹಾಕಿ ನೋಡದೆ ಲಕ್ಷಗಟ್ಟಲೆ ಹಣ ತೆರುವುದು ಜಾಣತನವಲ್ಲ. ಈ ಲೆಕ್ಕಕ್ಕೆ ಹೈಸ್ಕೂಲಿನಲ್ಲಿ ಕಲಿತ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

## ತೂಕ ಇರುವುದು ಎಲ್ಲಿ

ರೋಡ್ ಸೈಕಲ್ ಎಂದರೆ ಟಾರು ರಸ್ತೆಯ ಮೇಲೆ ವೇಗವಾಗಿ ಹೋಗುವುದಕ್ಕೆಂದೇ ಮಾಡಿದ, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಕಿರಿದಾದ ಟಯರ್ ಮತ್ತು ಹಲವು ಗೇರ್‌ಗಳಿರುವ ಸೈಕಲ್. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೊತ್ತು ತಿರುಗುವ ಕಪ್ಪು ಉಕ್ಕಿನ ಸೈಕಲ್ ಇಪ್ಪತ್ತು ಕೆಜಿಯ ಆಸುಪಾಸಿನಲ್ಲಿ ತೂಗಿದರೆ, ಅಲ್ಯೂಮಿನಿಯಂ ಫ್ರೇಮಿನ ಆರಂಭಿಕ ದರ್ಜೆಯ ರೋಡ್ ಸೈಕಲ್ ಸಾಮಾನ್ಯವಾಗಿ 9ರಿಂದ 11 ಕೆಜಿ, ಮಧ್ಯಮ ದರ್ಜೆಯ, ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್ 8ರಿಂದ 9 ಕೆಜಿ, ವೃತ್ತಿಪರ ರೇಸ್‌ಗಳಲ್ಲಿ ಬಳಸುವಂಥದ್ದು 7 ಕೆಜಿಯ ಆಚೀಚೆ ತೂಗುತ್ತದೆ.

ಫ್ರೇಮ್ ಹಗುರವಾದರೆ ಸೈಕಲ್ಲೇ ಹಗುರ ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ಒಳ್ಳೆಯ ಅಲ್ಯೂಮಿನಿಯಂ ಫ್ರೇಮ್ ಒಂದೂಕಾಲು, ಒಂದೂವರೆ ಕೆಜಿ ಇದ್ದರೆ ಅದೇ ಅಳತೆಯ ಕಾರ್ಬನ್ ಫ್ರೇಮ್ ಒಂದು ಕೆಜಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ಉಳಿತಾಯ ಅರ್ಧ ಕೆಜಿಯೊಳಗೇ. ಉಳಿದ ತೂಕವೆಲ್ಲ ಚಕ್ರಗಳಲ್ಲಿ, ಪೆಡಲ್ ತಿರುಗಿಸುವ ಕ್ರ್ಯಾಂಕಿನಲ್ಲಿ, ಗೇರ್ ಮತ್ತು ಬ್ರೇಕ್‌ಗಳಲ್ಲಿ, ಸೀಟಿನಲ್ಲಿ ಹಂಚಿಹೋಗಿರುತ್ತದೆ. ಆರಂಭಿಕ ಸೈಕಲ್‌ನ ಚಕ್ರಗಳ ಜೋಡಿ ಎರಡು ಕೆಜಿ ದಾಟುವುದುಂಟು, ದುಬಾರಿ ಜೋಡಿ ಒಂದೂವರೆ ಕೆಜಿಗೆ ಇಳಿಯುತ್ತದೆ. ಡಿಸ್ಕ್ ಬ್ರೇಕ್ ಇರುವ ಸೈಕಲ್ ಹಳೆಯ ರಿಮ್ ಬ್ರೇಕಿನದಕ್ಕಿಂತ ಮುನ್ನೂರು ನಾನ್ನೂರು ಗ್ರಾಂ ಹೆಚ್ಚು ತೂಗಿದರೂ, ಮಳೆಯಲ್ಲಿ ಘಾಟಿ ಇಳಿದು ಬಂದವರು ಆ ತೂಕದ ಬಗ್ಗೆ ದೂರುವುದನ್ನು ನಾನಂತೂ ಕೇಳಿಲ್ಲ.

## ಸವಾರನನ್ನು ಹಿಂದಕ್ಕೆಳೆಯುವ ಮೂರು ಬಲಗಳು

ಒಂದೇ ವೇಗದಲ್ಲಿ ಸಾಗುತ್ತಿರುವ ಸವಾರನನ್ನು ಮೂರು ಬಲಗಳು ಹಿಂದಕ್ಕೆ ಎಳೆಯುತ್ತಿರುತ್ತವೆ: ಗಾಳಿಯ ತಡೆ, ಟಯರ್ ಉರುಳುವಾಗ ಹುಟ್ಟುವ ತಡೆ, ರಸ್ತೆ ಏರುತ್ತಿದ್ದರೆ ಗುರುತ್ವ. ಮೂರರ ಸ್ವಭಾವವೂ ಬೇರೆ ಬೇರೆ.

ಗಾಳಿಗೆ ನಮ್ಮ ತೂಕ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ನಮ್ಮ ಆಕಾರ ಮತ್ತು ವೇಗ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈಯನ್ನು ಗಾಳಿಗೆ ಎದುರಾಗಿ ಹಿಡಿದಾಗಲೂ ಅಡ್ಡಲಾಗಿ ತಿರುಗಿಸಿದಾಗಲೂ ಕೈಯ ತೂಕ ಒಂದೇ. ತಳ್ಳಿಸಿಕೊಳ್ಳುವ ಬಲ ಮಾತ್ರ ಬೇರೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ.

ಟಯರಿನ ತಡೆ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ ನಿಜ, ಆದರೆ ಗಾಳಿ ತುಂಬಿದ ಟಯರ್ ಗಟ್ಟಿ ರಸ್ತೆಯ ಮೇಲೆ ಉರುಳುವಾಗ ಅದು ಹೊತ್ತಿರುವ ಭಾರದ ಇನ್ನೂರನೇ ಒಂದು ಪಾಲಿನಷ್ಟು ಮಾತ್ರ. ಮೂರನೆಯದಾದ ಗುರುತ್ವವೇ ತೂಕದ ನಿಜವಾದ ಸಂಗಾತಿ. ರೈಲ್ವೆ ನಿಲ್ದಾಣದಲ್ಲಿ ಚಕ್ರವಿರುವ ಸೂಟ್‌ಕೇಸನ್ನು ಪ್ಲಾಟ್‌ಫಾರಂ ಉದ್ದಕ್ಕೂ ಎಳೆದುಕೊಂಡು ಹೋಗುವಾಗ ಅದರಲ್ಲಿ ಹದಿನೈದು ಕೆಜಿ ಇದೆಯೋ ಹದಿನೆಂಟು ಇದೆಯೋ ಎಂಬುದು ಲಕ್ಷ್ಯಕ್ಕೇ ಬರುವುದಿಲ್ಲ. ಮೇಲ್ಸೇತುವೆಯ ಮೊದಲ ಮೆಟ್ಟಿಲು ಹತ್ತುವಾಗ ಮೂರು ಕೆಜಿಯ ಹೆಚ್ಚಳ ಭುಜಕ್ಕೆ ಗೊತ್ತಾಗುತ್ತದೆ. ಸೈಕಲ್‌ನ ತೂಕದ ಇಡೀ ಕಥೆ ಈ ಪ್ಲಾಟ್‌ಫಾರಂ ಮತ್ತು ಮೆಟ್ಟಿಲಿನ ನಡುವಿನ ವ್ಯತ್ಯಾಸದಲ್ಲಿದೆ.

## ಸಮತಟ್ಟು ರಸ್ತೆಯ ಲೆಕ್ಕ

ಒಬ್ಬ ಸವಾರನನ್ನು ಊಹಿಸಿಕೊಳ್ಳೋಣ. ಅವನ ದೇಹದ ತೂಕ 70 ಕೆಜಿ. ಬಟ್ಟೆ, ಶೂ, ಹೆಲ್ಮೆಟ್, ಒಂದು ನೀರಿನ ಬಾಟಲಿ ಸೇರಿ 2 ಕೆಜಿ. ಸೈಕಲ್ 10 ಕೆಜಿ. ಒಟ್ಟು 82 ಕೆಜಿ. ಇದೇ ಸವಾರ 8 ಕೆಜಿಯ ಸೈಕಲ್ ಕೊಂಡರೆ ಸೈಕಲ್‌ನ ತೂಕದಲ್ಲಿ ಶೇ 20ರಷ್ಟು ಇಳಿಯಿತು ಎಂದು ಅಂಗಡಿಯವರು ಹೇಳಬಹುದು. ಆದರೆ ಕಾಲು ತಳ್ಳಬೇಕಾದದ್ದು ಸೈಕಲ್ ಒಂದನ್ನೇ ಅಲ್ಲವಾದ್ದರಿಂದ ನಿಜವಾದ ಇಳಿಕೆ 82ರಲ್ಲಿ 2, ಅಂದರೆ ಶೇ 2.4.

ಗಾಳಿಯಿಲ್ಲದ ಮುಂಜಾನೆ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಲು ಈ ಸವಾರ ಸುಮಾರು 142 ವ್ಯಾಟ್ ಶಕ್ತಿ ಹಾಕಬೇಕಾಗುತ್ತದೆ. (ವ್ಯಾಟ್ ಎಂದರೆ ಬಲ್ಬಿನ ಮೇಲೆ ಬರೆದಿರುತ್ತದಲ್ಲ, ಅದೇ ಅಳತೆ, ಚೈನು, ಬೇರಿಂಗ್‌ಗಳಲ್ಲಿ ಸೋರಿಹೋಗುವ ಅಲ್ಪಸ್ವಲ್ಪವನ್ನು ಇಲ್ಲಿ ಬಿಟ್ಟಿದ್ದೇನೆ.) ಅದರಲ್ಲಿ 109 ವ್ಯಾಟ್‌ನಷ್ಟು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ, ಉಳಿದ 33ರಷ್ಟು ಟಯರಿಗೆ. ಎರಡು ಕೆಜಿ ಹಗುರವಾದ ಸೈಕಲ್ ಉಳಿಸಿಕೊಡುವುದು ಈ ಟಯರಿನ ಪಾಲಿನಿಂದ ಮಾತ್ರ, ಅದೂ 0.8 ವ್ಯಾಟ್. 40 ಕಿ.ಮೀ. ದೂರಕ್ಕೆ ಈ ಉಳಿತಾಯ ಹನ್ನೊಂದು ಸೆಕೆಂಡಿನಷ್ಟಾಗುತ್ತದೆ. ಒಂದು ಟ್ರಾಫಿಕ್ ಸಿಗ್ನಲ್ ಹಸಿರಾಗುವುದು ತುಸು ತಡವಾದರೆ ಅಷ್ಟೂ ಹೋಯಿತು.

ಅದೇ ಸವಾರ, ಅದೇ 10 ಕೆಜಿಯ ಸೈಕಲ್ ಮೇಲೆ, ಹ್ಯಾಂಡಲ್‌ನ ಕೆಳಗಿನ ಬಾಗಿದ ಭಾಗವನ್ನು ಹಿಡಿದು ಮೊಣಕೈ ಮಡಚಿ ಬೆನ್ನು ಬಗ್ಗಿಸಿದರೆ ಗಾಳಿಗೆ ಒಡ್ಡಿಕೊಳ್ಳುವ ಮೈ ಸುಮಾರು ಹನ್ನೆರಡನೇ ಒಂದು ಭಾಗ ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ಉಳಿತಾಯ 9 ವ್ಯಾಟ್ ದಾಟುತ್ತದೆ. ಎರಡು ಕೆಜಿ ಇಳಿಸಿ ಗಳಿಸಿದ್ದರ ಹತ್ತು ಪಟ್ಟಿಗೂ ಮಿಗಿಲು. 40 ಕಿ.ಮೀ.ಗೆ ಎರಡು ನಿಮಿಷ. ಅದಕ್ಕೆ ತಗಲುವ ಖರ್ಚು ಸ್ವಲ್ಪ ಸೊಂಟನೋವು.

ಟಯರಿನಲ್ಲೂ ಹೀಗೆಯೇ ಅಡಗಿದ ಹಣವಿದೆ. ಕಡಿಮೆ ಬೆಲೆಯ ಸೈಕಲ್‌ಗಳ ಜೊತೆ ಬರುವ ದಪ್ಪ ರಬ್ಬರಿನ, ತಂತಿ ಅಂಚಿನ ಟಯರ್ ತಾನು ಹೊತ್ತ ಭಾರದ ಸಾವಿರದಲ್ಲಿ ಏಳು ಪಾಲು ತಡೆ ಒಡ್ಡಿದರೆ, ಮೃದುವಾದ ಒಳ್ಳೆಯ ರೇಸಿಂಗ್ ಟಯರ್ ನಾಲ್ಕು ಪಾಲಿಗೆ ಇಳಿಸಬಲ್ಲದು. ಈ ಮೂರು ಪಾಲಿನ ವ್ಯತ್ಯಾಸ ನಮ್ಮ ಸವಾರನಿಗೆ 30 ಕಿ.ಮೀ. ವೇಗದಲ್ಲಿ ಇಪ್ಪತ್ತು ವ್ಯಾಟ್‌ಗಳಷ್ಟಾಗುತ್ತದೆ. ಟಯರಿಗೆ ಕಲ್ಲಿನಂತೆ ಗಾಳಿ ತುಂಬಿಸುವ ಹಳೆಯ ಅಭ್ಯಾಸವೂ ಇಲ್ಲಿ ಅಡ್ಡಿಯೇ. ಹೊಂಡ, ತೇಪೆ, ಜಲ್ಲಿ ಎದ್ದ ರಸ್ತೆಯಲ್ಲಿ ಅತಿ ಗಟ್ಟಿ ಟಯರ್ ಪ್ರತಿ ಉಬ್ಬಿಗೂ ಸೈಕಲನ್ನೂ ಸವಾರನನ್ನೂ ಮೇಲಕ್ಕೆ ಕುಕ್ಕುತ್ತದೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ನಡುಗಿಸುವುದರಲ್ಲಿ ಕಳೆದುಹೋಗುತ್ತದೆ. ಒಂದು ಕಾಲಕ್ಕೆ 23 ಮಿ.ಮೀ. ಅಗಲದ ಟಯರ್‌ಗಳೇ ವೇಗದವು ಎಂದು ನಂಬಿದ್ದ ರೇಸ್ ಲೋಕ ಈಗ 28, 30 ಮಿ.ಮೀ.ಗಳಿಗೆ ಬಂದಿರುವುದಕ್ಕೆ ಇದೂ ಒಂದು ಕಾರಣ. ಅಗಲವಾದ ಟಯರ್ ತುಸು ಭಾರ, ಆದರೂ ವೇಗ.

## ಒಂದು ಗಂಟೆಯ ದಾಖಲೆ ಹೇಳುವುದೇನು

ಗಾಳಿ ಮತ್ತು ತೂಕದ ಈ ಪೈಪೋಟಿಗೆ ಸೈಕ್ಲಿಂಗ್‌ನ ಇತಿಹಾಸದಲ್ಲೇ ಒಂದು ಸೊಗಸಾದ ಉದಾಹರಣೆಯಿದೆ. ಒಂದು ಗಂಟೆಯಲ್ಲಿ ಒಬ್ಬನೇ ಸವಾರ ಟ್ರ್ಯಾಕ್ ಮೇಲೆ ಎಷ್ಟು ದೂರ ಹೋಗಬಲ್ಲ ಎಂಬ ದಾಖಲೆಯನ್ನು ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರಿನಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಬರೆದರು: 49.431 ಕಿ.ಮೀ. ಅವರ ಸೈಕಲ್ 6 ಕೆಜಿಗೂ ಕಡಿಮೆಯಿತ್ತು. ಗ್ರಾಂ ಗ್ರಾಂ ಉಳಿಸುವ ಸಲುವಾಗಿ ಹ್ಯಾಂಡಲ್‌ಗೆ, ಚೈನಿನ ಕೊಂಡಿಗಳಿಗೆ ಕೂಡ ತೂತು ಕೊರೆದಿದ್ದರು. ಸಮತಟ್ಟು ಟ್ರ್ಯಾಕಿನಲ್ಲಿ ಅಷ್ಟು ಹಗುರವಾದ ಸೈಕಲ್‌ನಿಂದ ಸಿಗುವ ಲಾಭ ಎಷ್ಟು ಕಡಿಮೆ ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿದೆವು. ಮರ್ಕ್ಸ್‌ಗೆ ಹೆಚ್ಚು ನೆರವಾದದ್ದು ಎರಡು ಸಾವಿರ ಮೀಟರಿಗೂ ಎತ್ತರದ ಆ ಊರಿನ ತೆಳುವಾದ ಗಾಳಿ.

1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಮ್ಯಾಂಚೆಸ್ಟರಿನಲ್ಲಿ ಕೈಗಳೆರಡನ್ನೂ ಮುಂದಕ್ಕೆ ನೀಳವಾಗಿ ಚಾಚಿ, ಹಾರುವವನ ಭಂಗಿಯಲ್ಲಿ ಮಲಗಿದಂತೆ ಕುಳಿತು 56.375 ಕಿ.ಮೀ. ಕ್ರಮಿಸಿದರು. ಆಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಅಂಥ ಭಂಗಿಗಳ ದಾಖಲೆಯನ್ನು ಬೇರೆ ಪಟ್ಟಿಗೆ ಸರಿಸಿ, ಮರ್ಕ್ಸ್ ಕಾಲದ ಮಾದರಿಯ ಸೈಕಲ್ ಮೇಲೆಯೇ ಅಧಿಕೃತ ದಾಖಲೆಗೆ ಯತ್ನಿಸಬೇಕು ಎಂದಿತು. ಅದೇ ಬೋರ್ಡ್‌ಮನ್ 2000ನೇ ಇಸವಿಯಲ್ಲಿ ಅದೇ ಮ್ಯಾಂಚೆಸ್ಟರಿನಲ್ಲಿ, ಮಾಮೂಲಿ ಬಾಗಿದ ಹ್ಯಾಂಡಲ್ ಹಿಡಿದು ಮತ್ತೆ ಯತ್ನಿಸಿದಾಗ ಸಿಕ್ಕಿದ್ದು 49.441 ಕಿ.ಮೀ., ಮರ್ಕ್ಸ್‌ಗಿಂತ ಹತ್ತೇ ಮೀಟರ್ ಹೆಚ್ಚು. ನಾಲ್ಕು ವರ್ಷಗಳಲ್ಲಿ ಅವರ ದೇಹಶಕ್ತಿಯೂ ಒಂದಿಷ್ಟು ಬದಲಾಗಿರಬಹುದಾದರೂ, ಏಳು ಕಿಲೋಮೀಟರಿನ ಆ ಅಂತರದ ಬಹುಪಾಲು ಗಾಳಿಯ ಲೆಕ್ಕಕ್ಕೇ ಹೋಗಬೇಕು.

## ನಂದಿಯ ಏರಿನಲ್ಲಿ ಒಂದು ಕೆಜಿ

ಈಗ ಮೆಟ್ಟಿಲಿನ ಕಡೆಗೆ ಬರೋಣ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರವಿರುವ ನಂದಿ ಬೆಟ್ಟದ ಏರನ್ನು ಲೆಕ್ಕದ ಅನುಕೂಲಕ್ಕಾಗಿ 8 ಕಿ.ಮೀ. ಉದ್ದ, ಸರಾಸರಿ ಶೇ 5ರಷ್ಟು ಎಂದು ಹಿಡಿಯೋಣ. ಶೇ 5 ಏರು ಎಂದರೆ ನೂರು ಮೀಟರ್ ಮುಂದೆ ಹೋದರೆ ಐದು ಮೀಟರ್ ಮೇಲೆ ಹೋದಂತೆ. ಒಟ್ಟು ಏರುವ ಎತ್ತರ 400 ಮೀಟರ್. ನಿಜವಾದ ರಸ್ತೆ ಎಲ್ಲ ಕಡೆ ಒಂದೇ ಸಮನಾಗಿಲ್ಲ, ಕೊನೆಯ ತಿರುವುಗಳು ಸರಾಸರಿಗಿಂತ ಕಡಿದಾಗಿವೆ ಎಂಬುದು ಏರಿದವರಿಗೆಲ್ಲ ಗೊತ್ತು.

ನಮ್ಮ ಸವಾರ ಇಲ್ಲಿ ಬಿಡದೆ 180 ವ್ಯಾಟ್ ಹಾಕುತ್ತಾನೆ ಎನ್ನೋಣ. ಕೆಲವು ತಿಂಗಳು ಅಭ್ಯಾಸ ಮಾಡಿದ ಹವ್ಯಾಸಿಗೆ ಇದು ಕಷ್ಟವಾದರೂ ಸಾಧ್ಯವಾಗುವ ಪ್ರಮಾಣ. 10 ಕೆಜಿಯ ಸೈಕಲ್ ಮೇಲೆ ಅವನ ವೇಗ ಗಂಟೆಗೆ 13.8 ಕಿ.ಮೀ., ತುದಿ ಮುಟ್ಟಲು 34 ನಿಮಿಷ 49 ಸೆಕೆಂಡು. 8 ಕೆಜಿಯ ಸೈಕಲ್ ಮೇಲೆ ಅದೇ ಶಕ್ತಿ ಹಾಕಿದರೆ 34 ನಿಮಿಷ 6 ಸೆಕೆಂಡು. ಉಳಿತಾಯ 43 ಸೆಕೆಂಡು. ಕೆಜಿಗೆ ಇಪ್ಪತ್ತು ಸೆಕೆಂಡಿಗಿಂತ ತುಸು ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಕು. ಸಮತಟ್ಟಿನಲ್ಲಿ ಇದೇ ಎರಡು ಕೆಜಿ 40 ಕಿ.ಮೀ.ಗೆ ಕೊಟ್ಟದ್ದು ಹನ್ನೊಂದು ಸೆಕೆಂಡು, ಇಲ್ಲಿ 8 ಕಿ.ಮೀ.ಗೆ ಕೊಟ್ಟದ್ದು 43. ತೂಕ ಮುಖ್ಯ ಎನ್ನುವವರು ಬೆಟ್ಟ ಏರುವವರಾಗಿದ್ದರೆ ಅವರ ಮಾತಿನಲ್ಲಿ ಅರ್ಥವಿದೆ.

ಬೆನ್ನು ಬಗ್ಗಿಸಿ ಗಳಿಸುವ ಲಾಭವೂ ಎರಡು ಕೆಜಿ ಇಳಿಸಿ ಗಳಿಸುವ ಲಾಭವೂ ಸಮವಾಗುವ ಏರು ಯಾವುದು ಎಂದು ಹುಡುಕಿದರೆ, ಈ ಸವಾರನಿಗೆ ಅದು ಶೇ 2.5ರ ಆಸುಪಾಸಿನಲ್ಲಿ ಸಿಗುತ್ತದೆ. ಅದಕ್ಕಿಂತ ಕಡಿಮೆ ಏರಿನಲ್ಲಿ ಭಂಗಿ ಗೆಲ್ಲುತ್ತದೆ, ಹೆಚ್ಚಿನ ಏರಿನಲ್ಲಿ ತೂಕ ಗೆಲ್ಲುತ್ತದೆ. ಬಲಿಷ್ಠ ಸವಾರನಿಗೆ ಏರಿನಲ್ಲೂ ವೇಗ ಹೆಚ್ಚಿರುವುದರಿಂದ ಈ ಗಡಿ ಇನ್ನಷ್ಟು ಮೇಲಕ್ಕೆ ಹೋಗುತ್ತದೆ.

ಒಂದು ಕೆಜಿಯನ್ನು 400 ಮೀಟರ್ ಮೇಲಕ್ಕೆತ್ತುವುದಕ್ಕೆ ಬೇಕಾದ ಕೆಲಸ ಸುಮಾರು 3,900 ಜೂಲ್. ನಮ್ಮ ಸ್ನಾಯುಗಳು ತಿಂದ ಆಹಾರದ ನಾಲ್ಕನೇ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತವೆ ಎಂದು ಹಿಡಿದರೂ ಖರ್ಚಾಗುವುದು ನಾಲ್ಕು ಕ್ಯಾಲರಿ, ಎಂದರೆ ಒಂದು ಗ್ರಾಂ ಸಕ್ಕರೆ. ನಂದಿಯ ಮೇಲೆ ಕುಡಿಯುವ ಒಂದು ಲೋಟ ಚಹಾದಲ್ಲಿ ಇಂಥ ಹಲವು ಕೆಜಿಗಳ ಲೆಕ್ಕ ಚುಕ್ತಾ ಆಗುತ್ತದೆ.

ಬೆಟ್ಟಕ್ಕೆ ತೂಕ ಯಾವುದರದ್ದು ಎಂಬ ಭೇದವಿಲ್ಲ. ಫ್ರೇಮಿನ ಒಂದು ಕೆಜಿಯೂ ಹೊಟ್ಟೆಯ ಒಂದು ಕೆಜಿಯೂ ನೀರಿನ ಒಂದು ಕೆಜಿಯೂ ಏರಿನಲ್ಲಿ ಸಮ. 750 ಮಿ.ಲೀ.ನ ಎರಡು ಬಾಟಲಿ ತುಂಬಿಸಿಕೊಂಡರೆ ಒಂದೂವರೆ ಕೆಜಿ ಆಯಿತು. ಮುನ್ನೂರು ಗ್ರಾಂ ಉಳಿಸುವ ಕಾರ್ಬನ್ ಭಾಗಕ್ಕೆ ತಿಂಗಳ ಸಂಬಳ ಸುರಿದವರು, ಬುಡದಲ್ಲೂ ತುದಿಯಲ್ಲೂ ನೀರು ಸಿಗುವ ಬೆಟ್ಟಕ್ಕೆ ಎರಡು ಬಾಟಲಿ ತುಂಬಿಸಿಕೊಂಡು ಏರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾನೂ ಹಾಗೆಯೇ ಏರಿದ್ದೇನೆ.

## ಏರಿದ್ದು ಇಳಿಯುವಾಗ ವಾಪಸು ಬರುತ್ತದೆಯೇ

ಭಾಗಶಃ ಬರುತ್ತದೆ. ಇಳಿಜಾರಿನಲ್ಲಿ ಗುರುತ್ವ ಮುಂದಕ್ಕೆ ಎಳೆಯುವುದರಿಂದ ಭಾರವಾದ ಸವಾರಿ ತುಸು ವೇಗವಾಗಿ ಇಳಿಯುತ್ತದೆ. ಆದರೆ ಏರುವುದಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕಾದ ದಾರಿಯನ್ನು ಕಾಲು ಗಂಟೆಯಲ್ಲಿ ಇಳಿಯುವುದರಿಂದ, ಏರಿನಲ್ಲಿ ಕಳೆದುಕೊಂಡ ಸಮಯವೆಲ್ಲ ಇಳಿಜಾರಿನಲ್ಲಿ ಸಿಗುವುದಿಲ್ಲ. ತಿರುವುಗಳಲ್ಲಿ ಬ್ರೇಕ್ ಹಿಡಿದಷ್ಟೂ ಶಕ್ತಿ ಬಿಸಿಯಾಗಿ ಹಾರಿಹೋಗುತ್ತದೆ.

## ಚಕ್ರದ ತೂಕಕ್ಕೆ ದುಪ್ಪಟ್ಟು ಲೆಕ್ಕವೇ

ಸೈಕಲ್ ಸವಾರರ ನಡುವೆ ಬಹುಕಾಲದಿಂದ ಓಡಾಡುವ ಮಾತೊಂದಿದೆ: ಚಕ್ರದಲ್ಲಿ ಇಳಿಸಿದ ಒಂದು ಗ್ರಾಂ ಫ್ರೇಮಿನಲ್ಲಿ ಇಳಿಸಿದ ಎರಡು ಗ್ರಾಂಗೆ ಸಮ. ಈ ಮಾತು ಹುಟ್ಟಿದ್ದಕ್ಕೆ ಕಾರಣವಿದೆ. ಚಕ್ರದ ಅಂಚಿನಲ್ಲಿರುವ ರಿಮ್ ಮತ್ತು ಟಯರ್ ಸೈಕಲ್ ಜೊತೆ ಮುಂದಕ್ಕೂ ಹೋಗಬೇಕು, ತಾವು ಸುತ್ತಲೂ ಬೇಕು. ಹೀಗಾಗಿ ನಿಂತಲ್ಲಿಂದ ವೇಗಕ್ಕೆ ತರುವಾಗ ಅವುಗಳ ತೂಕ ಹೆಚ್ಚೂಕಡಿಮೆ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಆದರೆ ಇದು ವೇಗ ಹೆಚ್ಚಿಸಿಕೊಳ್ಳುವ ಆ ಕೆಲವು ಕ್ಷಣಗಳಿಗೆ ಮಾತ್ರ ಅನ್ವಯ. ಒಂದೇ ವೇಗದಲ್ಲಿ ಬೆಟ್ಟ ಏರುವಾಗ ರಿಮ್‌ನ ಒಂದು ಗ್ರಾಂ ಒಂದೇ ಗ್ರಾಂ.

ಆ ಕ್ಷಣಗಳಾದರೂ ಎಷ್ಟು ದುಬಾರಿ ಎಂದು ನೋಡೋಣ. ಎರಡು ಕೆಜಿಯನ್ನು, ರಿಮ್‌ನದ್ದಾದರೆ ಒಂದು ಕೆಜಿಯನ್ನು, ನಿಂತಲ್ಲಿಂದ 30 ಕಿ.ಮೀ. ವೇಗಕ್ಕೆ ತರಲು ಬೇಕಾಗುವುದು ಸುಮಾರು 70 ಜೂಲ್. ಊರೊಳಗೆ ಐವತ್ತು ಸಿಗ್ನಲ್‌ಗಳಲ್ಲಿ ನಿಂತು ಐವತ್ತು ಸಲವೂ ಆ ವೇಗಕ್ಕೆ ಏರಿದರೂ ಒಟ್ಟು 3,500 ಜೂಲ್, ಒಂದೇ ಒಂದು ಕೆಜಿಯನ್ನು ಒಂದು ಸಲ ನಂದಿಗೆ ಏರಿಸುವುದಕ್ಕಿಂತ ಕಡಿಮೆ. ರೇಸಿನಲ್ಲಿ ಎದುರಾಳಿ ಹಠಾತ್ತನೆ ಜಿಗಿದು ಓಡಿದಾಗ ಬೆನ್ನು ಹತ್ತಬೇಕಾದವನಿಗೆ ಹಗುರವಾದ ಚಕ್ರ ಬೇರೆಯೇ ಆಗಿ ಕಾಣಬಹುದು. ಆಫೀಸಿಗೆ ಹೋಗಿಬರುವವನಿಗೆ ಅದು ಅನುಭವಕ್ಕೂ ನಿಲುಕುವುದು ಕಷ್ಟ. ‘ಸೈಕಲ್ ಹಾರಿಕೊಂಡು ಹೋಗುತ್ತದೆ’ ಎಂಬ ಅನಿಸಿಕೆ ಸುಳ್ಳಲ್ಲ, ಆದರೆ ಅನಿಸಿಕೆಯನ್ನು ಸೆಕೆಂಡುಗಳಿಗೆ ತಿರುಗಿಸಿದಾಗ ಉಳಿಯುವುದು ಬಹಳ ಕಡಿಮೆ.

## 6.8 ಕೆಜಿಯ ಗೆರೆ

ಸೈಕಲ್ ಅಂಗಡಿಗಳಲ್ಲಿ, ವಿಮರ್ಶೆಗಳಲ್ಲಿ ಪದೇ ಪದೇ ಕೇಳಿಬರುವ 6.8 ಎಂಬ ಸಂಖ್ಯೆ ಯುಸಿಐ ಹಾಕಿದ ಗೆರೆ. ಅದರ ರೇಸ್‌ಗಳಲ್ಲಿ 6.8 ಕೆಜಿಗಿಂತ ಹಗುರವಾದ ಸೈಕಲ್ ಬಳಸುವಂತಿಲ್ಲ. ಗೆಲುವು ಯಂತ್ರದ್ದಲ್ಲ, ಸವಾರನದ್ದಾಗಿರಬೇಕು ಎಂಬ ನಿಲುವನ್ನು ಒಕ್ಕೂಟ 1996ರಲ್ಲಿ ಸ್ವಿಟ್ಜರ್‌ಲೆಂಡಿನ ಲುಗಾನೊ ಊರಿನ ಹೆಸರು ಹೊತ್ತ ಘೋಷಣೆಯಲ್ಲಿ ಮುಂದಿಟ್ಟಿತ್ತು. ತೂಕದ ನಿಯಮ 2000ದಲ್ಲಿ ಜಾರಿಗೆ ಬಂತು. ಅಂದಿನ ತಂತ್ರಜ್ಞಾನದಲ್ಲಿ ಅದಕ್ಕಿಂತ ಹಗುರವಾದ ಭಾಗಗಳು ಮುರಿಯುವ ಭಯವಿತ್ತು. ಕಾರ್ಬನ್ ಕೆಲಸ ಸುಧಾರಿಸಿದಂತೆ ಗೆರೆ ಮುಟ್ಟುವುದು ಸುಲಭವಾಗಿ, ತಂಡಗಳು ಸೈಕಲ್‌ಗೆ ತೂಕದ ತುಂಡು ಸೇರಿಸಿ 6.8ಕ್ಕೆ ತರಬೇಕಾದ ಕಾಲವೂ ಬಂತು.

ಇದರ ನಂತರದ ಬೆಳವಣಿಗೆ ನಮ್ಮ ಪ್ರಶ್ನೆಗೆ ಹೆಚ್ಚು ಸಂಬಂಧಿಸಿದ್ದು. ತೂಕ ಇಳಿಸಿ ಲಾಭವಿಲ್ಲವೆಂದಾದ ಮೇಲೆ ತಯಾರಕರ ಗಮನ ಗಾಳಿಯ ಕಡೆಗೆ ಹರಿಯಿತು. ಫ್ರೇಮಿನ ಕೊಳವೆಗಳು ಚಪ್ಪಟೆಯಾದವು, ಕೇಬಲ್‌ಗಳು ಒಳಗೆ ಅಡಗಿದವು, ರಿಮ್‌ಗಳು ಆಳವಾದವು, ಡಿಸ್ಕ್ ಬ್ರೇಕ್ ಬಂತು. ಇವತ್ತು ಫ್ರಾನ್ಸಿನ ಹೆಸರಾಂತ ಸೈಕಲ್ ರೇಸ್ ಆದ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡುವ ಎಷ್ಟೋ ಸೈಕಲ್‌ಗಳು ಗೆರೆಗಿಂತ ನೂರಾರು ಗ್ರಾಂ ಮೇಲೆಯೇ ತೂಗುತ್ತವೆ. ಒಂದು ಗ್ರಾಂನಿಂದ ಹಣ, ಹೆಸರು ಎರಡೂ ಕೈತಪ್ಪಬಹುದಾದ ಲೋಕವೇ ಹೀಗೆ ಆಯ್ದುಕೊಂಡಿದೆ.

## ಗೇರ್ ಎಂಬ ಮರೆತ ಸಂಖ್ಯೆ

1903ರ ಮೊದಲ ಟೂರ್ ಡಿ ಫ್ರಾನ್ಸ್ ಸವಾರರ ಸೈಕಲ್‌ಗಳು ಹದಿನೆಂಟು ಕೆಜಿಯ ಆಸುಪಾಸಿನಲ್ಲಿದ್ದವು. ಗೇರ್ ಬದಲಿಸುವ ಡಿರೇಲರ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಬೆಟ್ಟ ಏರುವ ಸಾಮಾನ್ಯ ಸವಾರನಿಗೆ ಅಲ್ಲಿಂದೀಚೆಗೆ ಇಳಿದ ತೂಕ, ಬಂದ ಗೇರ್ ಇವೆರಡರಲ್ಲಿ ಯಾವುದು ದೊಡ್ಡ ವರ ಎಂದು ಕೇಳಿದರೆ ನಾನು ಗೇರ್ ಎನ್ನುತ್ತೇನೆ.

ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿಯನ್ನು ತೆಗೆದುಕೊಳ್ಳಿ. ಮೂವತ್ತಾರು ಕಡಿದಾದ ತಿರುವುಗಳ ಈ ದಾರಿ, 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಸವಾರಿಯಲ್ಲಿ ಪಾಲ್ಗೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಅಂಜುವ ಏರು. ಶೇ 10ರಷ್ಟು ಏರಿನ ತುಂಡಿನಲ್ಲಿ ನಮ್ಮ 82 ಕೆಜಿಯ ಸವಾರಿ 180 ವ್ಯಾಟ್‌ನಲ್ಲಿ ನಿಮಿಷಕ್ಕೆ 127 ಮೀಟರ್ ಸಾಗುತ್ತದೆ. ಮುಂದೆ ಪೆಡಲ್ ಬಳಿಯ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುವುದರಿಂದ, ಅವನು ನಿಮಿಷಕ್ಕೆ 50 ಸಲ ತುಳಿಯುತ್ತಾನೆ. ಇದು ಮೊಣಕಾಲಿಗೆ ಹಿಂಸೆ ಕೊಡುವ, ಪ್ರತಿ ತುಳಿತಕ್ಕೂ ಎದ್ದು ನಿಲ್ಲಬೇಕೆನಿಸುವ ಗತಿ. ಸೈಕಲ್‌ನ ತೂಕ ಎರಡು ಕೆಜಿ ಇಳಿಸಿದರೆ 50 ಇದ್ದದ್ದು 51 ಆಗುತ್ತದೆ. ಅದರ ಬದಲು ಹಿಂದಿನ 28 ಹಲ್ಲನ್ನು 34ಕ್ಕೆ ಬದಲಿಸಿದರೆ 60 ಆಗುತ್ತದೆ, ಕುಳಿತೇ ತುಳಿಯಬಹುದು. ಹೆಚ್ಚು ಹಲ್ಲಿನ ಈ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ನೂರು ಗ್ರಾಂನಷ್ಟು ಹೆಚ್ಚು ಭಾರ, ಬೆಲೆ ಕೆಲವು ಸಾವಿರ ರೂಪಾಯಿ. ಕೊಳ್ಳುವ ಮುನ್ನ ಹಿಂದಿನ ಡಿರೇಲರ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು.

## ಹಾಗಾದರೆ ಹಣ ಎಲ್ಲಿಗೆ

ಮೊದಲು ಅಳತೆಗೆ. ಸವಾರನ ಮೈಕಟ್ಟಿಗೆ ಹೊಂದದ ಏಳು ಕೆಜಿಯ ಸೈಕಲ್‌ಗಿಂತ ಹೊಂದುವ ಹತ್ತು ಕೆಜಿಯದ್ದು ಎಲ್ಲ ರೀತಿಯಲ್ಲೂ ಮೇಲು. ಕುತ್ತಿಗೆ ನೋವಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತವನು ಗಾಳಿಗೆ ತೆರುವ ದಂಡವನ್ನು ಮೇಲೆಯೇ ನೋಡಿದೆವು. ಆಮೇಲೆ ತನ್ನ ರಸ್ತೆಗೆ ತಕ್ಕ ಗೇರ್ ಮತ್ತು ಬ್ರೇಕ್, ಕೊಂಡ ಆರು ತಿಂಗಳಲ್ಲಿ ಒಳ್ಳೆಯ ಟಯರ್. ತೂಕದ ಸರದಿ ಇವುಗಳ ನಂತರ.

ಇದಕ್ಕೆ ಅಪವಾದಗಳಿವೆ. ಬೆಟ್ಟದ ಓಟಗಳಲ್ಲಿ ಸೆಕೆಂಡಿನಿಂದ ಸ್ಥಾನ ನಿರ್ಧಾರವಾಗುವ ಸ್ಪರ್ಧಿಗೆ ಕೆಜಿಗೆ ಇಪ್ಪತ್ತು ಸೆಕೆಂಡು ದೊಡ್ಡದು. 50 ಕೆಜಿ ತೂಗುವ ಸವಾರಳಿಗೆ 10 ಕೆಜಿಯ ಸೈಕಲ್ ತನ್ನ ಮೈತೂಕದ ಐದನೇ ಒಂದು ಪಾಲು. 90 ಕೆಜಿಯವನಿಗೆ ಒಂಬತ್ತನೇ ಒಂದು. ಹಾಗಾಗಿ ಅದೇ ಎರಡು ಕೆಜಿಯ ಉಳಿತಾಯ ಅವಳಿಗೆ ಹೆಚ್ಚು ಸಲ್ಲುತ್ತದೆ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ದಿನವೂ ಸೈಕಲ್ ಹೊತ್ತೊಯ್ಯಬೇಕಾದವರಿಗೂ ಅಂಗಡಿಯ ಆ ಎರಡು ಬೆರಳಿನ ಪರೀಕ್ಷೆ ಅಕ್ಷರಶಃ ಅನ್ವಯಿಸುತ್ತದೆ.

ಇನ್ನೊಂದು ತುದಿಯಲ್ಲಿ ಬ್ರೆವೆ ಎಂಬ ದೂರದ ಸವಾರಿಗಳವರಿದ್ದಾರೆ. ಅವರು 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿ.ಮೀ.ಯನ್ನು 40 ಗಂಟೆಯಲ್ಲಿ ಮುಗಿಸಬೇಕು. ರಾತ್ರಿಯಿಡೀ ಉರಿಯುವ ದೀಪ, ಹೊಳೆಯುವ ಜಾಕೆಟ್, ಹೆಚ್ಚುವರಿ ಟ್ಯೂಬು, ಮಳೆಯಂಗಿ ಎಲ್ಲ ಹೊತ್ತು ಹೋಗುವ ಅವರಿಗೆ ಕಾಗದದಷ್ಟು ತೆಳುವಾದ ಟಯರ್ ಬೆಳಗಿನ ಜಾವ ಮೂರು ಗಂಟೆಗೆ ಹೆದ್ದಾರಿಯ ಬದಿಯಲ್ಲಿ ಪಂಚರ್ ಆದರೆ, ಅಲ್ಲಿ ಕಳೆಯುವ ಇಪ್ಪತ್ತು ನಿಮಿಷ ಇಡೀ ಸವಾರಿಯಲ್ಲಿ ಹಗುರತನ ಗಳಿಸಿಕೊಟ್ಟದ್ದನ್ನೆಲ್ಲ ನುಂಗಿಬಿಡಬಹುದು. ತೀರಾ ಹಗುರವಾದ ಬಿಡಿಭಾಗಗಳಿಗೆ ತಯಾರಕರೇ ಸವಾರನ ಗರಿಷ್ಠ ತೂಕದ ಮಿತಿ ಹಾಕಿರುವುದುಂಟು, ಅದನ್ನೂ ಓದಿಕೊಳ್ಳಬೇಕು.

## ಅಂಗಡಿಯಲ್ಲಿ ತೂಗುವುದು ಹೇಗೆ

ವಿಮಾನ ಪ್ರಯಾಣಕ್ಕೆಂದು ಸೂಟ್‌ಕೇಸ್ ತೂಗಲು ಬಳಸುವ, ಕೈಯಲ್ಲಿ ಹಿಡಿಯುವ ಕೊಕ್ಕೆಯ ತಕ್ಕಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಬೆರಳಿನ ಪರೀಕ್ಷೆಯ ಅಗತ್ಯವಿಲ್ಲ. ಸೀಟಿನ ಕೆಳಗೆ ಕೊಕ್ಕೆ ಸಿಕ್ಕಿಸಿ ಎತ್ತಿ, ಸೈಕಲ್ ಅಲುಗಾಡುವುದು ನಿಂತ ಮೇಲೆ ಸಂಖ್ಯೆ ಓದಬೇಕು. ಹೋಲಿಸುವ ಎರಡೂ ಸೈಕಲ್‌ಗಳು ಒಂದೇ ಅಳತೆಯವಾಗಿರಬೇಕು, ಒಂದಕ್ಕೆ ಪೆಡಲ್ ಹಾಕಿದ್ದರೆ ಇನ್ನೊಂದಕ್ಕೂ ಹಾಕಿರಬೇಕು.

ಕೆಲವು ವರ್ಷಗಳ ಹಿಂದೆ ನಾನು ಕೊಂಡ ಸೈಕಲ್‌ಗೆ ನೇತುಹಾಕಿದ್ದ ಕಾರ್ಡಿನಲ್ಲಿ 8.4 ಕೆಜಿ ಎಂದಿತ್ತು. ಮನೆಗೆ ತಂದು ಪೆಡಲ್, ಬಾಟಲಿ ಹಿಡಿಯುವ ಎರಡು ಚೌಕಟ್ಟು, ಸೀಟಿನ ಕೆಳಗೆ ಟ್ಯೂಬು ಮತ್ತು ಸಲಕರಣೆಯ ಚೀಲ, ಸಣ್ಣ ಪಂಪು, ಹಿಂದೆ ಮುಂದೆ ದೀಪ ಎಲ್ಲ ಹಾಕಿ ತೂಗಿದಾಗ 9.6 ತೋರಿಸಿತು; ಎರಡು ಬಾಟಲಿ ನೀರು ಇಟ್ಟ ಮೇಲೆ 11 ದಾಟಿತು. ಕಾರ್ಡನ್ನು ಮತ್ತೆ ತಿರುಗಿಸಿ ನೋಡಿದೆ. ಕೆಳಗಿನ ಸಾಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ‘ಅತಿ ಚಿಕ್ಕ ಅಳತೆಯ ತೂಕ, ಪೆಡಲ್ ಸೇರಿಲ್ಲ’ ಎಂದು ಬರೆದೇ ಇತ್ತು.